ಏರ್‌ಪೋರ್ಟಿನಲ್ಲಿ ಬೇಡ

ಹೊರದೇಶಕ್ಕೆ ಹೊರಟಿದ್ದೀರಿ, ದುಡ್ಡನ್ನು ಏರ್‌ಪೋರ್ಟಿನಲ್ಲೇ ಬದಲಾಯಿಸಿಕೊಳ್ಳಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಸಾಮಾನ್ಯವಾಗಿ ಅಲ್ಲೇ ಜಾಸ್ತಿ ಕಳೆದುಕೊಳ್ಳುವುದು. ‘ಕಮಿಷನ್ ಇಲ್ಲ’ ಅನ್ನುವ ಬೋರ್ಡ್ ನೋಡಿ ನಾನೂ ಒಮ್ಮೆ ನಂಬಿದ್ದೆ. ಆದರೆ ದುಡ್ಡು ಬದಲಾಯಿಸಿಕೊಡುವವರ ಲಾಭ ಅವರು ಕರೆನ್ಸಿ ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಇರುವ ಅಂತರದಲ್ಲೇ ಕೂತಿರುತ್ತದೆ. ಹಾಗಾಗಿ ಸುಮ್ನೆ ರೇಟ್ ಕೇಳಬೇಡಿ. “ಇಷ್ಟು ಕೊಟ್ಟರೆ ಎಲ್ಲಾ ಕಳೆದು ಕೈಗೆ ಎಷ್ಟು ಸಿಗುತ್ತದೆ?” ಅಂತ ಎರಡು ಮೂರು ಕಡೆ ವಿಚಾರಿಸಿ.

ನಗದು ಮೊದಲ ಒಂದೆರಡು ದಿನಕ್ಕೆ ಸಾಕು. ಉಳಿದದ್ದಕ್ಕೆ ಕಾರ್ಡ್. ಅದನ್ನು ಹೊರದೇಶದಲ್ಲಿ ಬಳಸಿದರೆ ಶುಲ್ಕ ಎಷ್ಟು ಅಂತ ಬ್ಯಾಂಕಿನಲ್ಲಿ ಮೊದಲೇ ಕೇಳಿಕೊಳ್ಳಿ.

ಇದನ್ನಂತೂ ಮರೆಯಬೇಡಿ: ಅಲ್ಲಿನ ಕಾರ್ಡ್ ಮಷಿನ್, ಎಟಿಎಂ ಪರದೆಯಲ್ಲಿ ಎರಡು ಕರೆನ್ಸಿ ತೋರಿಸಿ ಯಾವುದು ಬೇಕು ಅಂತ ಕೇಳಬಹುದು. ಪರಿಚಯದ್ದು ಅಂತ ನಮ್ಮದನ್ನು ಒತ್ತಿದರೆ ಸಾಮಾನ್ಯವಾಗಿ ಕೆಟ್ಟ ದರ ಬೀಳುತ್ತದೆ. ಆ ದೇಶದ ಕರೆನ್ಸಿಯನ್ನೇ ಒತ್ತಿ.