ಸಾಫ್ಟ್‌ವೇರ್ ರೆಡಿ ಇರುವಾಗ ಕಂಪ್ಯುಟೇಶನಲ್ ಮೆಕ್ಯಾನಿಕ್ಸ್‌ನಲ್ಲಿ, ಅಂದರೆ ವಸ್ತುಗಳು ಬಲಕ್ಕೆ ಹೇಗೆ ಬಾಗುತ್ತವೆ, ಚಲಿಸುತ್ತವೆ ಅನ್ನೋದನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ಕ್ಷೇತ್ರದಲ್ಲಿ, ಸಂಶೋಧಕರಿಗೆ ಇನ್ನೇನು ಕೆಲಸ?

ತುಂಬಾ ಕೆಲಸ ಇದೆ. ಸೇತುವೆ ಭಾರಕ್ಕೆ ಎಷ್ಟು ಬಾಗುತ್ತದೆ ಅನ್ನೋದಕ್ಕೆ ಸಮೀಕರಣ ಇದೆ. ಆದರೆ ಆಕಾರ ಸ್ವಲ್ಪ ತೊಡಕಾದರೂ ಅದನ್ನು ಕೈಯಲ್ಲಿ ಬಿಡಿಸೋಕೆ ಆಗಲ್ಲ. ಹಾಗಾಗಿ ಆ ಆಕಾರವನ್ನು ಸಣ್ಣ ತುಂಡುಗಳಾಗಿ ಒಡೆದು, ಒಂದೊಂದಕ್ಕೂ ಸರಳ ಲೆಕ್ಕ ಹಾಕಿ, ಆಮೇಲೆ ಜೋಡಿಸುತ್ತಾರೆ. 1960ರಲ್ಲಿ ಅಮೆರಿಕದ ಎಂಜಿನಿಯರ್ ರೇ ಕ್ಲಫ್ ಇದಕ್ಕೆ ಫೈನೈಟ್ ಎಲಿಮೆಂಟ್ ಅಂತ ಹೆಸರಿಟ್ಟರು.

ಕಷ್ಟ ಇರೋದು ಆ ತುಂಡುಗಳಲ್ಲೇ. ತೆಳುವಾದ ತೊಲೆಗೆ ನಾಲ್ಕು ಮೂಲೆಯ ಸರಳ ಎಲಿಮೆಂಟ್ ಹಾಕಿ ನೋಡಿ. ಬಾಗಬೇಕಾದಷ್ಟು ಅದು ಬಾಗುವುದೇ ಇಲ್ಲ, ಇಲ್ಲದ ಬಿಗಿತ ತೋರಿಸುತ್ತದೆ. ಇದನ್ನೇ ಶಿಯರ್ ಲಾಕಿಂಗ್ ಅನ್ನೋದು (ಶಿಯರ್ ಅಂದರೆ ವಸ್ತುವಿನ ಪದರಗಳನ್ನು ಒಂದರ ಮೇಲೊಂದು ಜಾರಿಸುವಂಥ ಬಲ). ಕಂಪ್ಯೂಟರ್ ಮಾತ್ರ ಎಲ್ಲಾ ಸರಿಯಿದೆ ಅನ್ನುವ ಹಾಗೆ ಬಣ್ಣಬಣ್ಣದ ಚಿತ್ರ ಕೊಡುತ್ತದೆ! ಇಂಥ ಒಂದೇ ದೋಷದ ಹಿಂದೆ ವರ್ಷಗಟ್ಟಲೆ ಬಿದ್ದವರಿದ್ದಾರೆ. ನನ್ನ ಪ್ರಕಾರ ಈ ಕ್ಷೇತ್ರದ ಜೀವ ಇರೋದೇ ಅಲ್ಲಿ.

ಯಾಕೆ ಇಷ್ಟು ಮುಖ್ಯ ಅಂದರೆ, 1991ರಲ್ಲಿ ನಾರ್ವೆಯಲ್ಲಿ ಸ್ಲೈಪ್ನರ್ ಎ ಎಂಬ ತೈಲ ವೇದಿಕೆಯ ಕಾಂಕ್ರೀಟ್ ಬುಡ ಮುಳುಗಿಹೋಯಿತು. ಫೈನೈಟ್ ಎಲಿಮೆಂಟ್ ಲೆಕ್ಕದಲ್ಲಿ ಶಿಯರ್ ಒತ್ತಡ ಸುಮಾರು 47% ಕಡಿಮೆ ಬಂದಿತ್ತು.

ವೃತ್ತಿಯ ದಾರಿ ಮಾಮೂಲಿನದೇ: ಪಿಎಚ್‌ಡಿ, ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ), ಆಮೇಲೆ ವಿಶ್ವವಿದ್ಯಾಲಯ, ಪ್ರಯೋಗಾಲಯ ಅಥವಾ ಸಾಫ್ಟ್‌ವೇರ್ ಕಂಪನಿ. ನೀವು ಶುರು ಮಾಡೋದಾದರೆ, ಸುಮ್ನೆ ಪ್ಯಾಕೇಜ್ ಕಲಿಯಬೇಡಿ. ಲೀನಿಯರ್ ಆಲ್ಜೀಬ್ರಾ ಗಟ್ಟಿ ಮಾಡಿಕೊಂಡು, ಉದ್ದಕ್ಕೂ ಹಂಚಿದ ಭಾರದಿಂದ ಎಳೆದ ಒಂದು ಸರಳಿನ ಲೆಕ್ಕಕ್ಕೆ, ಲೀನಿಯರ್ ಎಲಿಮೆಂಟ್ (ಸ್ಥಳಾಂತರ ನೇರ ಗೆರೆಯಂತೆ ಬದಲಾಗುತ್ತದೆ ಅಂದುಕೊಳ್ಳುವ ತುಂಡು) ಬಳಸಿ ಸ್ವಂತ ಕೋಡ್ ಬರೆಯಿರಿ. ತುಂಡುಗಳನ್ನು ದುಪ್ಪಟ್ಟು ಮಾಡಿದಾಗ, ಇಡೀ ಸರಳಿನ ಉದ್ದಕ್ಕೂ ಅಳೆದ ಸ್ಥಳಾಂತರದ (ಪ್ರತಿ ಬಿಂದು ಎಷ್ಟು ಸರಿಯಿತು ಅನ್ನೋದರ) ತಪ್ಪು ಸುಮಾರು ಕಾಲು ಭಾಗಕ್ಕೆ ಇಳಿಯಬೇಕು. ಇಳಿಯದಿದ್ದರೆ ಕೋಡಿನಲ್ಲಿ ಎಲ್ಲೋ ಎಡವಿದ್ದೀರಿ.