ಸೌವಿನ್ ಅನ್ನೋ ದೇವರಿದ್ದನೇ?

ಪ್ರಶ್ನೆ: ಹ್ಯಾಲೋವೀನ್‌ಗೆ ಮೂಲ ಕೆಲ್ಟರ (ಐರ್ಲೆಂಡ್, ಬ್ರಿಟನ್ ಮುಂತಾದ ಕಡೆಯ ಪ್ರಾಚೀನ ಜನ) ಸೌವಿನ್ ಹಬ್ಬ, ಸೌವಿನ್ ಅವರ ಸಾವಿನ ದೇವರು ಅಂತ ಓದಿದೆ. ನಿಜವೇ? ಹ್ಯಾಲೋವೀನ್, ಸೌವಿನ್ ಎರಡೂ ಒಂದೇ ಹಬ್ಬನಾ?

ಉತ್ತರ: ಮೊದಲು ಆ ದೇವರನ್ನು ಸಾಗಹಾಕೋಣ. ಕೆಲ್ಟರಲ್ಲಿ ಅಂಥ ದೇವರು ಇರಲೇ ಇಲ್ಲ. 18ನೇ ಶತಮಾನದಲ್ಲಿ ಐರ್ಲೆಂಡಿನಲ್ಲಿದ್ದ ಸೇನಾ ಎಂಜಿನಿಯರ್ ಚಾರ್ಲ್ಸ್ ವ್ಯಾಲೆನ್ಸಿ ಹಬ್ಬಿಸಿದ ಕಥೆ ಅದು. ಪುಣ್ಯಾತ್ಮನಿಗೆ ಊಹೆ ಸ್ವಲ್ಪ ಜಾಸ್ತಿ. ಸೌವಿನ್ ಹಬ್ಬದ ಹೆಸರು ಅಷ್ಟೆ. ಐರಿಷ್ ಭಾಷೆಯಲ್ಲಿ ಇವತ್ತಿಗೂ ನವೆಂಬರ್ ತಿಂಗಳಿಗೆ ಅದೇ ಹೆಸರಿದೆ.

ಅದು ದನ ಸಾಕುವವರ ಹಬ್ಬ. ಬೇಸಿಗೆಯಿಡೀ ಗುಡ್ಡದಲ್ಲಿ ಮೇಯಲು ಬಿಟ್ಟಿದ್ದ ದನಗಳನ್ನು ಆ ಹೊತ್ತಿಗೆ ಕೆಳಗೆ ಹೊಡೆದುಕೊಂಡು ಬರುತ್ತಿದ್ದರು. ಚಳಿಗಾಲಕ್ಕೆ ಎಲ್ಲಕ್ಕೂ ಮೇವು ಸಾಲದು. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಕಡಿದು ಮಾಂಸ ಮಾಡಬೇಕು ಅಂತ ಆಗಲೇ ತೀರ್ಮಾನವಾಗಬೇಕು. ಕೆಲ್ಟರಿಗೆ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಹಾಗಾಗಿ ನವೆಂಬರ್ 1ರ ಹಬ್ಬ ಅಕ್ಟೋಬರ್ 31ರ ಸಂಜೆಯೇ ಆರಂಭ. ಗುಡ್ಡಗಳ ಮೇಲೆ ದೊಡ್ಡ ಬೆಂಕಿ ಹಾಕುತ್ತಿದ್ದರು. ಐರ್ಲೆಂಡಿನ ಮೀತ್ ಕೌಂಟಿಯ ವಾರ್ಡ್ ಗುಡ್ಡದ ಬೆಂಕಿ ಹೆಸರುವಾಸಿ.

ದೆವ್ವದ ವಿಷಯ ಕೇಳ್ತೀರಲ್ವಾ? ಹಳೆಯ ಐರಿಷ್ ಕಥೆಗಳಲ್ಲಿ ಆ ರಾತ್ರಿ ಹೊರಗೆ ಬರುವವರು ಬರೀ ಸತ್ತವರಲ್ಲ. ‘ಶೀ’ ಎಂಬ ದಿಬ್ಬಗಳು ತೆರೆದುಕೊಂಡು ಒಳಗಿನ ಬೇರೆ ಲೋಕದ ಜನ ಬರುತ್ತಾರೆ. ನೋಡಲು ಚೆಂದ, ಕೆಣಕಿದರೆ ಕಷ್ಟ! ನನಗಂತೂ ಹಲ್ಲುಕಿರಿಯುವ ಅಸ್ಥಿಪಂಜರಕ್ಕಿಂತ ಇವರೇ ಇಷ್ಟ.

ಹ್ಯಾಲೋವೀನ್ ಹೆಸರು ಬಂದಿದ್ದು ಚರ್ಚಿನಿಂದ. 9ನೇ ಶತಮಾನದಲ್ಲಿ ಸಕಲ ಸಂತರ ಹಬ್ಬ ನವೆಂಬರ್ 1ಕ್ಕೆ ನಿಂತಿತು. ಅದರ ಹಿಂದಿನ ರಾತ್ರಿಯೇ ಹ್ಯಾಲೋವೀನ್. ಹಳೆಯ ಆಚರಣೆಗಳು ಅದಕ್ಕೇ ಅಂಟಿಕೊಂಡವು. 1840ರ ದಶಕದ ಬರಗಾಲದಲ್ಲಿ ಲಕ್ಷಾಂತರ ಐರಿಷ್ ಜನ ಅಮೆರಿಕಕ್ಕೆ ಹೋದರು. ಊರಲ್ಲಿ ಅವರು ಹಬ್ಬಕ್ಕೆ ಮುಖದಾಕಾರದ ದೀಪ ಕೊರೆಯುತ್ತಿದ್ದದ್ದು ಟರ್ನಿಪ್ ಗೆಡ್ಡೆಯಲ್ಲಿ. ಅಲ್ಲಿ ದೊಡ್ಡ, ಮೆತ್ತನೆಯ ಕುಂಬಳಕಾಯಿ ಸಿಕ್ಕಿತು. ಗಟ್ಟಿ ಗೆಡ್ಡೆ ಯಾರಿಗೆ ಬೇಕು? ಆದರೂ ಐರ್ಲೆಂಡಿನ ಮೇಯೋ ಕೌಂಟಿಯ ಮ್ಯೂಸಿಯಮ್ಮಿನಲ್ಲಿರುವ ಟರ್ನಿಪ್ ದೀಪದ ಪ್ಲಾಸ್ಟರ್ ಪ್ರತಿಕೃತಿಯ ಫೋಟೊ ಒಮ್ಮೆ ನೋಡಿ. ಆ ಸುಕ್ಕು ಮುಖದ ಮುಂದೆ ಕುಂಬಳಕಾಯಿ ಪಾಪ ಅನ್ನಿಸುತ್ತದೆ.

ಮಕ್ಕಳು ಮನೆಮನೆಗೆ ಹೋಗುವುದೂ ಬದಲಾಗಿದೆ. ಸ್ಕಾಟ್ಲೆಂಡಿನಲ್ಲಿ ವೇಷ ಹಾಕಿದ ಮಕ್ಕಳು ಹಾಡನ್ನೋ ಪದ್ಯವನ್ನೋ ಒಪ್ಪಿಸಿದರಷ್ಟೇ ಸೇಬು, ಬೀಜಗಳು ಸಿಗುತ್ತಿದ್ದವು, ಪುಗಸಟ್ಟೆ ಇಲ್ಲ. ‘ಮಿಠಾಯಿ ಕೊಡ್ತೀರೋ, ಕೀಟಲೆ ಮಾಡ್ಲೋ’ ಅನ್ನುವ ಬೆದರಿಕೆ 20ನೇ ಶತಮಾನದ ಉತ್ತರ ಅಮೆರಿಕದ್ದು.