ಬೇಸಿಗೆ ರಜೆಯಲ್ಲಿ ಸೈಕಲ್ ರೇಸು, ಗೆಳೆಯರು, ಮನೆ: ಮೂರನ್ನೂ ಹೇಗೆ ಹೊಂದಿಸಿಕೊಳ್ಳುವುದು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ: ಪದವಿಯ ಮೊದಲ ವರ್ಷ ಮುಗಿದಿದೆ, ರಸ್ತೆ ಸೈಕ್ಲಿಂಗ್‌ನಲ್ಲಿ ಕಾಲೇಜಿನ ಪರವಾಗಿ ಸ್ಪರ್ಧಿಸುತ್ತೀರಿ, ರಜೆಯ ಕೊನೆಗೆ ಆಯ್ಕೆ ಸ್ಪರ್ಧೆಯಿದೆ, ಗೆಳೆಯರು ಪ್ರವಾಸಕ್ಕೆ ಕರೆಯುತ್ತಿದ್ದಾರೆ, ಮನೆಯವರು ಊರಿಗೆ ಬಾ ಎನ್ನುತ್ತಿದ್ದಾರೆ, ದಿನವನ್ನು ಮೂರು ಪಾಲು ಮಾಡಿಕೊಂಡರೆ ಆದೀತೇ? ನನ್ನ ಅನುಭವದಲ್ಲಿ ಆಗುವುದಿಲ್ಲ. ಶಿವಮೊಗ್ಗದಲ್ಲಿ ಓದುತ್ತಿದ್ದ ಕಾಲದ ಮೊದಲ ಬೇಸಿಗೆಯಲ್ಲಿ ನಾನು ಮಾಡಿದ್ದು ಅದನ್ನೇ, ಮತ್ತು ಆ ವರ್ಷ ಮೂರೂ ಕಡೆಯವರು ನನ್ನ ಮೇಲೆ ಬೇಸರಿಸಿಕೊಂಡಿದ್ದರು.

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯ ಬದಿಯ ಒಂದು ಹಳ್ಳಿಯಲ್ಲಿ. ಪರೀಕ್ಷೆ ಮುಗಿದ ಮರುದಿನವೇ ಬಟ್ಟೆಯ ಚೀಲವನ್ನು ಬಸ್ಸಿನಲ್ಲಿ ಕಳುಹಿಸಿ, ನಾನು ಸೈಕಲ್ಲಿನಲ್ಲಿ ಗಾಜನೂರು, ಸಕ್ರೆಬೈಲು, ಮಂಡಗದ್ದೆಯ ದಾರಿಯಾಗಿ ಊರು ಸೇರಿದೆ. ಬೆಳಿಗ್ಗೆ ನೂರು ಕಿಲೋಮೀಟರ್, ಮಧ್ಯಾಹ್ನ ತೋಟದ ಕೆಲಸ, ಸಂಜೆ ಗೆಳೆಯರೊಡನೆ ತೀರ್ಥಹಳ್ಳಿ ಪೇಟೆ ಎಂದು ಹಾಳೆಯ ಮೇಲೆ ಬರೆದುಕೊಂಡಿದ್ದ ಯೋಜನೆ ನೋಡಲು ಚೆನ್ನಾಗಿಯೇ ಇತ್ತು. ಆದರೆ ಎರಡನೆಯ ವಾರದ ಹೊತ್ತಿಗೆ, ಬೆಳಿಗ್ಗೆ ಎದ್ದ ಕೂಡಲೇ ಎಣಿಸಿದರೆ ನಿಮಿಷಕ್ಕೆ 52 ಇರುತ್ತಿದ್ದ ನನ್ನ ನಾಡಿ 60 ದಾಟತೊಡಗಿತು. ಅದು ವಿಶ್ರಾಂತಿ ಸಾಲದೆಂಬ ಸೂಚನೆ ಎಂದು ತಿಳಿಯದೆ, ನಾನು ಅದನ್ನು ಸೋಮಾರಿತನವೆಂದು ಭಾವಿಸಿ ಇನ್ನಷ್ಟು ತುಳಿದೆ. ಆಯ್ಕೆಯ ದಿನ ಅರ್ಧ ದಾರಿಯಲ್ಲೇ ಗುಂಪಿನಿಂದ ಹಿಂದೆ ಬಿದ್ದೆ.

ಆದ್ದರಿಂದ ನನ್ನ ಮೊದಲ ಸಲಹೆಯೆಂದರೆ, ವೇಳಾಪಟ್ಟಿಯನ್ನು ನೀವು ಬರೆಯಬೇಡಿ, ಬಿಸಿಲು ಬರೆಯಲಿ. ಏಪ್ರಿಲ್, ಮೇ ತಿಂಗಳಲ್ಲಿ ಮಲೆನಾಡಿನಲ್ಲಿಯೂ ಒಂಬತ್ತು ಗಂಟೆಯ ನಂತರ ಗಟ್ಟಿಯಾಗಿ ತುಳಿಯುವುದರಿಂದ ಲಾಭಕ್ಕಿಂತ ಸುಸ್ತೇ ಹೆಚ್ಚು. ಎರಡನೆಯ ಬೇಸಿಗೆಯಿಂದ ನಾನು ಐದೂಕಾಲಿಗೆ ಹೊರಟು ಎಂಟೂವರೆಗೆ ಅಂಗಳದಲ್ಲಿ ಇರುತ್ತಿದ್ದೆ. ಅದರ ಆಚೆಗೆ ಎಷ್ಟೇ ಆಸೆಯಾದರೂ ಸೈಕಲ್ ಮುಟ್ಟುತ್ತಿರಲಿಲ್ಲ. ವಾರದಲ್ಲಿ ಎರಡೇ ದಿನ ಕಠಿಣ ಅಭ್ಯಾಸ: ಒಂದು ದಿನ ಗುಡ್ಡೇಕೇರಿಯ ಬಳಿಯ ಕುಂದಾದ್ರಿಯ ಕಡಿದಾದ ರಸ್ತೆಯನ್ನು ಮೂರು ಸಲ ಹತ್ತಿ ಇಳಿಯುವುದು, ಇನ್ನೊಂದು ದಿನ ಆಗುಂಬೆ ಘಾಟಿಯನ್ನು ಸೋಮೇಶ್ವರದವರೆಗೆ ಇಳಿದು ಅದರ 14 ತಿರುವುಗಳನ್ನು ಗಡಿಯಾರ ನೋಡಿಕೊಂಡು ಹತ್ತುವುದು. ಘಾಟಿಯಲ್ಲಿ ಬೆಳಕು ಹರಿಯುವ ಮುಂಚೆ ಇಳಿಯಬೇಡಿ. ತಿರುವುಗಳು ಬಹಳ ಇಕ್ಕಟ್ಟು, ಮೇಲೇರುವ ಬಸ್ಸಿಗೆ ರಸ್ತೆಯ ಪೂರ್ತಿ ಅಗಲ ಬೇಕಾಗುತ್ತದೆ. ಉಳಿದ ದಿನಗಳಲ್ಲಿ ಮಾತನಾಡುತ್ತಾ ತುಳಿಯಬಹುದಾದಷ್ಟು ನಿಧಾನದ ಸವಾರಿ, ಒಂದು ದಿನ ಪೂರ್ತಿ ರಜೆ.

ನೀರಿನ ಲೆಕ್ಕಕ್ಕೆ ಯಾವ ಉಪಕರಣವೂ ಬೇಕಾಗಿಲ್ಲ. ಹೊರಡುವ ಮುಂಚೆ ಮತ್ತು ಬಂದ ಮೇಲೆ ತೂಕ ನೋಡಿಕೊಳ್ಳಿ. ಒಂದು ಕಿಲೋ ಇಳಿದಿದ್ದರೆ ಕುಡಿದದ್ದಕ್ಕಿಂತ ಸುಮಾರು ಒಂದು ಲೀಟರ್ ಹೆಚ್ಚಾಗಿ ಬೆವರಿದ್ದೀರಿ ಎಂದರ್ಥ. ನಮ್ಮ ಮನೆಯಲ್ಲಿ ಅಡಿಕೆ ತೂಗುವ ತಕ್ಕಡಿಯ ಮೇಲೆಯೇ ನಿಲ್ಲುತ್ತಿದ್ದೆ. ನಷ್ಟ ತುಂಬಲು ಉಪ್ಪು ಹಾಕಿದ ಮಜ್ಜಿಗೆ ಮತ್ತು ಅಮ್ಮ ಮಾಡುತ್ತಿದ್ದ ಮುರುಗಲ ಹಣ್ಣಿನ ಪಾನಕ ಸಾಕಾಗುತ್ತಿತ್ತು. ದೀರ್ಘ ಸವಾರಿಯಲ್ಲಿ ಗಂಟೆಗೆ 60 ಗ್ರಾಂನಷ್ಟು ಶರ್ಕರಪಿಷ್ಟ ಹೊಟ್ಟೆಗೆ ಹೋಗಬೇಕೆನ್ನುತ್ತಾರೆ. ಎರಡು ಬಾಳೆಹಣ್ಣು, ಒಂದು ತುಂಡು ಬೆಲ್ಲ ಸೇರಿದರೆ ಅದು ಹೆಚ್ಚುಕಡಿಮೆ ಸರಿಹೋಗುತ್ತದೆ.

ಇನ್ನು ಮನೆಯ ವಿಷಯ. ನಿಮ್ಮ ಪ್ರಶ್ನೆಯ ಕಷ್ಟದ ಭಾಗ ಇದೇ ಎಂದು ನನಗೆ ಅನ್ನಿಸುತ್ತದೆ. ಅಡಿಕೆ ತೋಟವಿರುವ ಮನೆಯಲ್ಲಿ ಬೇಸಿಗೆಯೆಂದರೆ ರಜೆಯಲ್ಲ. ತೋಟಕ್ಕೆ ನೀರು ಬಿಡಬೇಕು, ದರಗು ಗುಡಿಸಿ ತರಬೇಕು, ಹಲಸಿನ ಹಪ್ಪಳ ಒಣಗುವಾಗ ಕಾಗೆ ಕಾಯಬೇಕು, ನಡುನಡುವೆ ನೆಂಟರ ಮನೆಯ ಮದುವೆಗಳು. ಇವುಗಳಲ್ಲಿ ಬಹುಪಾಲನ್ನು ಹಿಂದೆ ಮುಂದೆ ಮಾಡಬಹುದು. ಆದರೆ ಕೊಳೆರೋಗಕ್ಕೆ ಔಷಧಿ ಹೊಡೆಯುವ ಕೆಲಸವನ್ನು ಹಾಗೆ ಮುಂದೂಡಲಾಗದು. ಮುಂಗಾರು ಹಿಡಿದುಕೊಳ್ಳುವ ಮುಂಚೆ ಮೊದಲ ಸಲದ ಬೋರ್ಡೋ ದ್ರಾವಣ ಗೊನೆಗಳಿಗೆ ಬೀಳಬೇಕು. ಹೊಡೆಯುವವರು ಸಿಗುವುದೇ ಕಷ್ಟ, ಸಿಕ್ಕ ದಿನ ಮನೆಯ ಗಂಡುಮಕ್ಕಳೆಲ್ಲ ತೋಟದಲ್ಲಿರಬೇಕು.

ಎರಡನೆಯ ವರ್ಷ ಆಯ್ಕೆ ಸ್ಪರ್ಧೆಯೂ ಆ ದಿನವೂ ಒಂದರ ಮೇಲೊಂದು ಬಂದವು. ಸ್ಪರ್ಧೆಯ ದಿನಾಂಕ ನನಗೆ ತಿಂಗಳ ಮೊದಲೇ ಗೊತ್ತಿತ್ತು, ಮನೆಯಲ್ಲಿ ಹೇಳಿರಲಿಲ್ಲ. ಹೇಳಿದರೆ ಬೇಡವೆಂದಾರು ಎಂಬ ಅಂಜಿಕೆ. ಹೊರಡುವ ಹಿಂದಿನ ರಾತ್ರಿ ಊಟದ ಹೊತ್ತಿಗೆ ಹೇಳಿದಾಗ ಅಪ್ಪಯ್ಯ ಬೈಯಲಿಲ್ಲ. "ಪೈಪ್ ಎಳೆಯುವುದಕ್ಕೆ ಯಾರು ಹಾಗಾದರೆ?" ಎಂದಷ್ಟೇ ಕೇಳಿದರು. ನಾನು ಹೋದೆ. ಅರವತ್ತು ದಾಟಿದ ದೊಡ್ಡಪ್ಪ ಅಂದು ಇಡೀ ದಿನ ಪೈಪ್ ಎಳೆದರೆಂದು ಆಮೇಲೆ ತಿಳಿಯಿತು. ಸ್ಪರ್ಧೆಯಲ್ಲಿ ನಾನು ಹನ್ನೊಂದನೆಯವನಾದೆ. ಆ ಸ್ಥಾನವನ್ನು ಮನೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೂರನೆಯ ವರ್ಷ ಊರಿಗೆ ಹೋದ ದಿನವೇ, ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ಸ್ಪರ್ಧೆಯ ದಿನಕ್ಕೆ ಕೆಂಪು ಶಾಯಿಯ ಸುತ್ತು ಹಾಕಿದೆ. ಅಪ್ಪಯ್ಯ ಅದನ್ನು ನೋಡಿಯೂ ಏನನ್ನೂ ಹೇಳಲಿಲ್ಲ. ನಾಲ್ಕು ದಿನ ಕಳೆದ ಮೇಲೆ, ಔಷಧಿ ಹೊಡೆಯುವವರೊಡನೆ ಫೋನಿನಲ್ಲಿ ಮಾತನಾಡುತ್ತಾ ಕ್ಯಾಲೆಂಡರಿನ ಮುಂದೆ ನಿಂತು, ಸುತ್ತು ಹಾಕಿದ ದಿನಕ್ಕಿಂತ ಹತ್ತು ದಿನ ಹಿಂದಿನ ಚೌಕದ ಮೇಲೆ ಬೆರಳಿಟ್ಟುಕೊಂಡಿದ್ದರು. ಆ ದಿನ ನಾನು ಬೆಳಗಿನ ಸವಾರಿಯನ್ನು ಬಿಟ್ಟು ತೋಟದಲ್ಲಿದ್ದೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆಬೇರೆಯಾಗಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕಬೇಕು. ಕಲಕಿದ ಮೇಲೆ ಅಪ್ಪಯ್ಯ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ಹೊರತೆಗೆದು ಬೆಳಕಿಗೆ ಹಿಡಿಯುತ್ತಿದ್ದರು: ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಇನ್ನೂ ಬೇಕು, ಕೂರದಿದ್ದರೆ ಹದ ಸರಿಯಾಗಿದೆ. ಈಗ ಮರ ಹತ್ತದೆ ನೆಲದಿಂದಲೇ ಹೊಡೆಯುವ ಕಾರ್ಬನ್ ಫೈಬರ್ ದೋಟಿಗಳು ಬಂದಿವೆಯಷ್ಟೆ. ನಾನು ಅಲ್ಯೂಮಿನಿಯಂ ಸೈಕಲ್ ತುಳಿಯುತ್ತಿದ್ದ ಕಾಲದಲ್ಲಿಯೇ ನಮ್ಮ ಮನೆಗೆ ಕಾರ್ಬನ್ ದೋಟಿ ಬಂದಿತ್ತು, ಮತ್ತು ಈ ಅನ್ಯಾಯವನ್ನು ನಾನು ಹೋದಲ್ಲೆಲ್ಲ ಹೇಳಿಕೊಂಡಿದ್ದೇನೆ.

ತೋಟದಲ್ಲಿ ಕಳೆದ ಆ ದಿನದಿಂದ ಅಭ್ಯಾಸಕ್ಕೆ ಹಾನಿಯೇನೂ ಆಗಲಿಲ್ಲ. ಸ್ಪರ್ಧೆಗೆ ಎರಡು ವಾರ ಇರುವಾಗ ವೇಗವನ್ನು ಹಾಗೆಯೇ ಉಳಿಸಿಕೊಂಡು, ತುಳಿಯುವ ದೂರವನ್ನು ಅರ್ಧದಷ್ಟಕ್ಕೆ ಇಳಿಸುವುದು ರೂಢಿ. ಕಾಲಿನ ಆಯಾಸ ಕಳೆಯುವುದು ಆಗಲೇ. ಮದುವೆ ಮನೆ, ತೋಟ, ಅಜ್ಜಿಯ ಹಪ್ಪಳ ಎಲ್ಲವನ್ನೂ ಆ ಎರಡು ವಾರಗಳಿಗೆ ತಂದಿಟ್ಟುಕೊಂಡರೆ ಮನೆಯವರ ಕೆಲಸವೂ ಆಗುತ್ತದೆ, ನೀವೂ ಸುಮ್ಮನೆ ಸೈಕಲ್ ಹತ್ತಿ ದಣಿಯುವುದು ತಪ್ಪುತ್ತದೆ.

ಗೆಳೆಯರ ವಿಷಯದಲ್ಲಿ ನಾನು ಮಾಡಿದ ತಪ್ಪು ಬೇರೆ ಬಗೆಯದು. ಮೊದಲ ಬೇಸಿಗೆಯಲ್ಲಿ ನಾಲ್ವರು ಶಿವಮೊಗ್ಗದಿಂದ ಸಾಗರದ ದಾರಿಯಾಗಿ ಜೋಗಕ್ಕೆ ಹೊರಟೆವು, ನೂರು ಕಿಲೋಮೀಟರ್ ದಾರಿ. ಅವರದು ಸಾಮಾನ್ಯ ಸೈಕಲ್. ಆಯನೂರು ದಾಟುತ್ತಲೇ ನಾನು ಮುಂದೆ ಹೋದವನು ಆನಂದಪುರದಲ್ಲಿ ಚಹಾ ಕುಡಿದು, ಇನ್ನೊಂದು ಚಹಾ ಕುಡಿದು, ಮುಕ್ಕಾಲು ಗಂಟೆ ಕಾದೆ. ಬಂದವರಲ್ಲಿ ಒಬ್ಬ ಸೈಕಲ್ಲನ್ನು ಮರಕ್ಕೆ ಒರಗಿಸುತ್ತಾ, "ಮಾರಾಯ, ನೀನು ನಮ್ಮ ಜೊತೆ ಬಂದದ್ದೋ, ನಮ್ಮನ್ನು ಸೋಲಿಸಲಿಕ್ಕೆ ಬಂದದ್ದೋ?" ಎಂದ. ಬೇಸಿಗೆಯಾದ್ದರಿಂದ ಜೋಗದಲ್ಲಿ ನೀರು ಎಳೆಯಷ್ಟೇ ಇತ್ತು, ನಮ್ಮ ಮಾತೂ ಅಷ್ಟೇ ಇತ್ತು. ಆಮೇಲಿನ ವರ್ಷಗಳಲ್ಲಿ ಭಾನುವಾರದ ನಿಧಾನ ಸವಾರಿಯನ್ನು ಅವರಿಗೇ ಬಿಟ್ಟುಕೊಟ್ಟೆ: ವೇಗ ಅವರದು, ನಿಲ್ಲುವ ಜಾಗವೂ ಅವರದೇ. ನಾನು ಎದುರುಗಾಳಿಯಲ್ಲಿ ಮುಂದೆ ತುಳಿಯುತ್ತಿದ್ದೆ, ಅವರು ನನ್ನ ಹಿಂದೆ ಅಂಟಿಕೊಂಡು ಬರುತ್ತಿದ್ದರು. ಇದರಿಂದ ಅವರಿಗೆ ಶ್ರಮ ಕಡಿಮೆ, ನನಗೆ ಗಾಳಿ ಸೀಳುವ ಅಭ್ಯಾಸ.

ಈ ಗಾಳಿಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನೀವೂ ಘಟ್ಟದ ಕಡೆಯವರಾದರೆ ನನ್ನಂತೆಯೇ ಮೋಸಹೋಗುವಿರಿ. ನಮ್ಮಲ್ಲಿ ರಸ್ತೆಯ ಎರಡೂ ಕಡೆ ಕಾಡು. ಏರು ಇದೆಯೇ ಹೊರತು ಗಾಳಿಯಿಲ್ಲ. ಕರ್ನಾಟಕದ ಒಳ್ಳೆಯ ಸೈಕಲ್ ಪಟುಗಳಲ್ಲಿ ಬಹುಮಂದಿ ಬರುವುದು ವಿಜಯಪುರ, ಬಾಗಲಕೋಟೆಯ ಕಡೆಯಿಂದ. ಬಯಲಿನಲ್ಲಿ ಅಡ್ಡಗಾಳಿ ಬೀಸಿದ ಕೂಡಲೇ ಓರೆಯಾಗಿ ಸಾಲುಕಟ್ಟಿ, ಸರದಿಯಂತೆ ಮುಂದೆ ಬಂದು ಹಿಂದೆ ಸರಿಯುವುದು ಅವರಿಗೆ ಚಿಕ್ಕಂದಿನಿಂದಲೇ ಬಂದ ವಿದ್ಯೆ. ಒಬ್ಬರ ಹಿಂದೆ ಒಬ್ಬರು ಹೀಗೆ ತುಳಿದರೆ ಶ್ರಮದಲ್ಲಿ ಮೂರನೆಯ ಒಂದು ಪಾಲಿನಷ್ಟು ಉಳಿತಾಯವಾಗುತ್ತದೆ. ಮೊದಲ ವರ್ಷ ಅವರ ಸಾಲಿನಲ್ಲಿ ನನಗೆ ಜಾಗವೇ ಸಿಗದೆ ರಸ್ತೆಯ ಅಂಚಿನಲ್ಲಿ ಒಬ್ಬನೇ ಗಾಳಿ ಕುಡಿದೆ. ಮೂರನೆಯ ವರ್ಷ ಅದೇ ಸಾಲಿನ ಮಧ್ಯದಲ್ಲಿದ್ದು ನಾಲ್ಕನೆಯವನಾದೆ. ಭಾನುವಾರ ಗೆಳೆಯರಿಗೆ ಗಾಳಿ ತಡೆದುಕೊಟ್ಟದ್ದಕ್ಕೂ ಇದಕ್ಕೂ ಸಂಬಂಧವಿದೆಯೆಂದೇ ನಾನು ನಂಬಿದ್ದೇನೆ, ಅವರು ಮಾತ್ರ ಒಪ್ಪುವುದಿಲ್ಲ.

ಕೊನೆಯದಾಗಿ ಒಂದು ಲೆಕ್ಕ. ರೋಹಿಣಿ ಮಳೆ ಮೇ 25ರ ಸುಮಾರಿಗೆ ಹುಟ್ಟುತ್ತದೆ, ಮೃಗಶಿರ ಜೂನ್ ಮೊದಲ ವಾರ ಕಳೆಯುತ್ತಲೇ. ಆಮೇಲೆ ನಮ್ಮ ರಸ್ತೆಗಳಲ್ಲಿ ಹಾವಸೆ, ಮಂಜು, ಬಿದ್ದ ಕೊಂಬೆಗಳು. ಹೊರಗಿನ ಅಭ್ಯಾಸವನ್ನು ನೆಚ್ಚಿಕೊಳ್ಳುವಂತಿಲ್ಲ. ಆದ್ದರಿಂದ ಘಾಟಿ ಹತ್ತುವ ಕಠಿಣ ವಾರಗಳನ್ನೆಲ್ಲ ಏಪ್ರಿಲ್ ನಡುವಿನಿಂದ ಮೇ ನಡುವಿನೊಳಗೆ ಮುಗಿಸಿಕೊಳ್ಳಿ. ನಿಮ್ಮ ಮನೆಯಲ್ಲಿ ತೋಟವಿದೆಯೋ ಗದ್ದೆಯಿದೆಯೋ ಅಂಗಡಿಯಿದೆಯೋ ನೀವು ಬರೆದಿಲ್ಲ. ಯಾವುದೇ ಇದ್ದರೂ ಈ ಎರಡು ತಿಂಗಳಲ್ಲಿ ನೀವಿಲ್ಲದೆ ನಡೆಯದ ದಿನ ಯಾವುದು ಎಂದು ಇವತ್ತೇ ಕೇಳಿ ತಿಳಿದುಕೊಂಡು, ಸ್ಪರ್ಧೆಯ ದಿನವನ್ನೂ ಅದರ ಪಕ್ಕದಲ್ಲಿ ಬರೆದಿಡಿ.